ಅಮ್ಮನ ಆರೈಕೆಗೆ ಆಸ್ಟ್ರೇಲಿಯಾ ಸರ್ಕಾರದ ನೆರವು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ನಮ್ಮ ಜೊತೆಗಿರುವ ಅಮ್ಮನಿಗೆ 79 ವರ್ಷ, ಪರ್ಮನೆಂಟ್ ರೆಸಿಡೆಂಟ್. ಎರಡು ತಿಂಗಳಲ್ಲಿ ಎರಡು ಸಲ ಬಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮನೆಯಲ್ಲೇ ಹಿರಿಯರಿಗೆ ಸಹಾಯ ಕೊಡುವ ಸರ್ಕಾರಿ ಯೋಜನೆ ‘ಹೋಮ್ ಕೇರ್ ಪ್ಯಾಕೇಜ್’ ಕೇಳಿ ಎನ್ನುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆ ಹೆಸರಿನ ಯೋಜನೆ ಈಗಿಲ್ಲ. 2025ರ ನವೆಂಬರ್ 1ರಿಂದ ಅದರ ಜಾಗಕ್ಕೆ ‘ಸಪೋರ್ಟ್ ಅಟ್ ಹೋಮ್’ ಬಂದಿದೆ. ಹಳೆಯ 4 ಹಂತಗಳ ಬದಲು, ಎಷ್ಟು ಸಹಾಯ ಬೇಕು ಎಂಬುದನ್ನು ನೋಡಿ ಕೊಡುವ 8 ವರ್ಗಗಳು. ಶುರುವಾದಾಗ ಒಬ್ಬರಿಗೆ ವರ್ಷದ ಮೊತ್ತ ಸುಮಾರು 10,700 ಡಾಲರಿನಿಂದ 78,000 ಡಾಲರಿನವರೆಗೆ ಇತ್ತು. ಬಾಗಿಲು ಮಾತ್ರ ಹಳೆಯದೇ: ಹಿರಿಯರ ಆರೈಕೆಗೆ ಅರ್ಜಿ ತೆಗೆದುಕೊಳ್ಳುವ ಸರ್ಕಾರಿ ಕೇಂದ್ರ ‘ಮೈ ಏಜ್ಡ್ ಕೇರ್’, 1800 200 422. ಮೆಡಿಕೇರ್ ಕಾರ್ಡ್ ಹಿಡಿದುಕೊಂಡು, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಫೋನ್ ಮಾಡಿ. ಅವರ ಒಪ್ಪಿಗೆ ಬೇಕು. ನೀವು ‘ರಿಜಿಸ್ಟರ್ಡ್ ಸಪೋರ್ಟರ್’, ಅಂದರೆ ಅಮ್ಮನಿಗೆ ನೆರವಾಗಲು ನೋಂದಾಯಿಸಿಕೊಂಡವರು, ಆಗುವ ಕೆಲಸವನ್ನೂ ಆಗಲೇ ಶುರು ಮಾಡಿ. ಇಲ್ಲದಿದ್ದರೆ ಮುಂದಿನ ಸಲ ನೀವೊಬ್ಬರೇ ಫೋನ್ ಮಾಡಿದಾಗ ಅಮ್ಮನ ವಿವರ ಹೇಳಲು ಅವರು ಒಪ್ಪುವುದಿಲ್ಲ.

ಆಮೇಲೆ ಎಷ್ಟು ಸಹಾಯ ಬೇಕೆಂದು ಅಳೆಯುವ ಅಸೆಸರ್ ಮನೆಗೆ ಬರುತ್ತಾರೆ. ಶುಲ್ಕವಿಲ್ಲ. ಕನ್ನಡದ ದುಭಾಷಿ ಬೇಕೆಂದು ಮೊದಲೇ ಹೇಳಿ, ಅದೂ ಉಚಿತ. ಮೂತ್ರ ಹಿಡಿತಕ್ಕೆ ಸಿಗದಿರುವ ಸಂಗತಿಯನ್ನು ಯಾವ ತಾಯಿಯೂ ಮಗನ ಬಾಯಲ್ಲಿ ಹೇಳಿಸಲು ಇಷ್ಟಪಡುವುದಿಲ್ಲ.

ನಮ್ಮವರ ಅರ್ಜಿಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಬಂದವರನ್ನು ಹಿರಿಯರು ನೆಂಟರಂತೆ ಕಾಣುತ್ತಾರೆ. ಒಳ್ಳೆಯ ಸೀರೆ ಉಟ್ಟು, ಕಾಫಿ ಕೊಡಿಸಿ, ‘ಏನೂ ತೊಂದರೆ ಇಲ್ಲಮ್ಮ, ಎಲ್ಲಾ ನಾನೇ ಮಾಡ್ಕೋತೀನಿ’ ಎಂದುಬಿಡುತ್ತಾರೆ. ಸೀರೆ ಉಡಿಸಿದ್ದು ಸೊಸೆ, ಕಾಫಿ ಮಾಡಿದ್ದು ಮಗ. ಅಸೆಸರ್ ಬರೆದುಕೊಳ್ಳುವುದು ಮಾತ್ರ ‘ಸ್ವತಂತ್ರವಾಗಿದ್ದಾರೆ’ ಎಂದು, ವರ್ಗವೂ ಕೆಳಗಿನದು ಸಿಗುತ್ತದೆ. ಹಾಗಾಗಿ ಎರಡು ವಾರ ಮೊದಲಿನಿಂದ ಒಂದು ನೋಟ್‌ಬುಕ್ ಇಡಿ: ರಾತ್ರಿ ಎಷ್ಟು ಸಲ ಎದ್ದರು, ಸ್ನಾನಕ್ಕೆ ಯಾರು ನಿಂತರು, ಎಲ್ಲಿ ಗೋಡೆ ಹಿಡಿದರು, ಯಾವ ಮಾತ್ರೆ ತಪ್ಪಿತು, ಸ್ಟವ್ ಆರಿಸುವುದು ಎಂದು ಮರೆತರು. ನೀವು ಅಭ್ಯಾಸಬಲದಿಂದ ಮಾಡುವ ಸಹಾಯವನ್ನೂ ಬರೆಯಿರಿ. ಕೆಟ್ಟ ದಿನ ಹೇಗಿರುತ್ತದೆ ಎಂದು ಹೇಳುವುದು ದೂರು ಹೇಳಿದಂತಲ್ಲ ಎಂದು ಅಮ್ಮನಿಗೆ ಮೊದಲೇ ತಿಳಿಸಿ. ಮಾತ್ರೆಗಳ ಪಟ್ಟಿ, ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ ಮೇಜಿನ ಮೇಲಿರಲಿ.

ಎರಡು ಸಲ ಬಿದ್ದಿದ್ದಾರೆ, ಆದ್ದರಿಂದ ಬಚ್ಚಲುಮನೆಯ ಹಿಡಿಕಂಬಿ, ಶವರ್ ಕುರ್ಚಿ, ವಾಕರ್ ಬೇಕೆಂದು ಅದೇ ಭೇಟಿಯಲ್ಲಿ ಕೇಳಿ. ಇವಕ್ಕೆ ವರ್ಗದ ಹಣದಿಂದ ಬೇರೆಯಾದ ನಿಧಿ ಇದೆ. ಅಗತ್ಯ ನೋಡಿ 500, 2,000 ಅಥವಾ 15,000 ಡಾಲರಿನ ಮಿತಿ. ಆ ದಿನ ಬಿಟ್ಟುಹೋದರೆ ಮತ್ತೆ ಪರಿಶೀಲನೆಗೆ ಕಾಯಬೇಕಾಗುತ್ತದೆ.

ಪ್ರಶ್ನೆ: ಅಪ್ಪನಿಗೆ ಮಂಜೂರಾದ ಪತ್ರ ಬಂದು ಮೂರು ತಿಂಗಳಾಯಿತು, ಸಹಾಯಕ್ಕೆ ಇನ್ನೂ ಯಾರೂ ಬಂದಿಲ್ಲ. ಏನಾಗಿದೆ?

ಉತ್ತರ: ಪತ್ರ ಎರಡು. ಮೊದಲನೆಯದು ವರ್ಗ ಮತ್ತು ಸರದಿಯ ತುರ್ತನ್ನು ಹೇಳುತ್ತದೆ. ಹಣ ಹಂಚಿಕೆಯಾಗಿದೆ ಎಂದು ತಿಳಿಸುವುದು ಎರಡನೆಯದು. ಅದು ಬಂದ ಮೇಲೆ 56 ದಿನಗಳಲ್ಲಿ ಸೇವೆ ಕೊಡುವ ಸಂಸ್ಥೆಯೊಂದರ ಜೊತೆ ಒಪ್ಪಂದವಾಗಬೇಕು. ಕೇಳಿಕೊಂಡರೆ ಇನ್ನೂ 28 ದಿನ ಕೊಡುತ್ತಾರೆ, ಅದೂ ಮೀರಿದರೆ ಹಂಚಿದ ಹಣ ವಾಪಸ್. ಆದ್ದರಿಂದ ಸಂಸ್ಥೆಯನ್ನು ಈಗಲೇ ಹುಡುಕಿಟ್ಟುಕೊಳ್ಳಿ: ಭಾನುವಾರದ ದರ ಎಷ್ಟು, ಕನ್ನಡ ಬಲ್ಲವರಿದ್ದಾರೆಯೇ, ಸಸ್ಯಾಹಾರದ ಅಡುಗೆ ಮಾಡುತ್ತಾರೆಯೇ. ಅಡುಗೆ ಮಾಡುವವರ ಕೂಲಿ ಈ ಹಣದಿಂದ ಹೋಗುತ್ತದೆ, ಅಕ್ಕಿ ಬೇಳೆಯ ಖರ್ಚು ನಿಮ್ಮದೇ. ಕಾಯುವಾಗ ಅಪ್ಪನ ಸ್ಥಿತಿ ಹದಗೆಟ್ಟರೆ ಸುಮ್ಮನಿರಬೇಡಿ. ‘ಸಪೋರ್ಟ್ ಪ್ಲಾನ್ ರಿವ್ಯೂ’, ಅಂದರೆ ಅಗತ್ಯದ ಮರುಪರಿಶೀಲನೆ, ಕೇಳಿ, ಸರದಿ ಮುಂದೆ ಬರಬಹುದು.

ಪ್ರಶ್ನೆ: ಅತ್ತೆಗೆ ಇಲ್ಲಿನ ಪಿಂಚಣಿ ಇಲ್ಲ. ಪೂರ್ತಿ ದುಡ್ಡು ನಾವೇ ಕಟ್ಟಬೇಕೆ?

ಉತ್ತರ: ಇಲ್ಲ. ನರ್ಸ್, ಫಿಸಿಯೋಥೆರಪಿಯಂಥ ಚಿಕಿತ್ಸೆಗೆ ಯಾರೂ ಏನೂ ಕಟ್ಟಬೇಕಿಲ್ಲ. ಉಳಿದವಕ್ಕೆ ದರದ ಒಂದು ಪಾಲು ಕಟ್ಟಬೇಕು: ಓಡಾಟದ ವಾಹನದಂಥ ನೆರವಿಗೆ ಶೇ. 5ರಿಂದ 50, ಮನೆ ಗುಡಿಸಿ ಒರೆಸುವುದು, ಊಟ, ತೋಟದ ಕೆಲಸಕ್ಕೆ ಶೇ. 17.5ರಿಂದ 80. ಇದನ್ನು ಸರ್ಕಾರದ ಸಂಸ್ಥೆ ಸರ್ವಿಸಸ್ ಆಸ್ಟ್ರೇಲಿಯಾ ಅತ್ತೆಯ (ಮಾವ ಇದ್ದರೆ ಇಬ್ಬರ) ಆದಾಯ-ಆಸ್ತಿ ನೋಡಿ ನಿಗದಿ ಮಾಡುತ್ತದೆ. ಮಕ್ಕಳ ಸಂಬಳ ಲೆಕ್ಕಕ್ಕಿಲ್ಲ. ‘ಪಿಂಚಣಿಯೇ ಇಲ್ಲ, ಫಾರಂ ಯಾಕೆ’ ಎಂದು ಆದಾಯ-ಆಸ್ತಿಯ ಫಾರಂ ತುಂಬದೆ ಬಿಟ್ಟವರಿಗೆ ಗರಿಷ್ಠ ದರವೇ ಬೀಳುತ್ತದೆ. ಊರಿನ ಮನೆ, ಬ್ಯಾಂಕಿನ ಠೇವಣಿ ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆಯಿರಿ.

ಪ್ರಶ್ನೆ: ಅಮ್ಮ ಮೂರು ತಿಂಗಳು ಬೆಂಗಳೂರಿಗೆ ಹೋಗುತ್ತಾರೆ. ಆ ಹಣ ಉಳಿದು ಮುಂದಕ್ಕೆ ಸಿಗುತ್ತದೆಯೇ?

ಉತ್ತರ: ಬಹುಪಾಲು ಸಿಗುವುದಿಲ್ಲ. ಹಣ ಮೂರು ತಿಂಗಳಿಗೊಮ್ಮೆ ಬರುತ್ತದೆ, ಅದರಲ್ಲಿ ಶೇ. 10 ಆರೈಕೆಯ ಉಸ್ತುವಾರಿಗೆ ಮೊದಲೇ ಹೋಗುತ್ತದೆ. ಬಳಸದೆ ಉಳಿದದ್ದರಲ್ಲಿ 1,000 ಡಾಲರ್ ಅಥವಾ ಆ ಮೂರು ತಿಂಗಳ ಮೊತ್ತದ ಶೇ. 10, ಯಾವುದು ಹೆಚ್ಚೋ ಅಷ್ಟು ಮಾತ್ರ ಮುಂದಕ್ಕೆ. ಯೋಜನೆ ಶುರುವಾದಾಗ 5ನೇ ವರ್ಗದವರಿಗೆ ಮೂರು ತಿಂಗಳಿಗೆ ಸುಮಾರು 9,900 ಡಾಲರ್ ಇತ್ತು, ಅದರಲ್ಲಿ ಮುಂದಕ್ಕೆ ಹೋಗುತ್ತಿದ್ದದ್ದು ಹೆಚ್ಚೆಂದರೆ 1,000. ಪ್ರಯಾಣವನ್ನು ಎರಡು ತ್ರೈಮಾಸಿಕಗಳಿಗೆ ಹಂಚಿದರೆ, ಅಂದರೆ ಫೆಬ್ರವರಿ ಮಧ್ಯದಿಂದ ಮೇ ಮಧ್ಯದವರೆಗೆ ಹೋದರೆ, ನಷ್ಟ ಕಡಿಮೆ. ಟಿಕೆಟ್ ಕೊಳ್ಳುವ ಮೊದಲು ಸಂಸ್ಥೆಗೆ ದಿನಾಂಕ ತಿಳಿಸಿ. ವಾಪಸಾದ ವಾರದಿಂದಲೇ ಜನ ಬರುವಂತೆ ಹೊಸ ವೇಳಾಪಟ್ಟಿ ಬರೆಸಿಕೊಂಡು ಹೊರಡಿ.