ಸೈಡಿಂಗ್ ಯಾರ್ಡಿನ ನಡೆದಾರಿ: ಜಲ್ಲಿ ಹೊಡೆಸುವ ಮೊದಲು ಇದನ್ನು ಓದಿ

ನಮಸ್ಕಾರ ಸರ್. ಅದಿರು ತುಂಬುವ ಖಾಸಗಿ ಸೈಡಿಂಗ್ (ಮೇನ್ ಲೈನಿನಿಂದ ಫ್ಯಾಕ್ಟರಿಗೆ ಕವಲೊಡೆದ ಹಳಿ), ನಾಲ್ಕು ಲೈನು, ಮಳೆ ಬಂದರೆ ಪಾಯಿಂಟ್ಸ್‌ಮನ್‌ಗಳು (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವವರು) ಜಾರುತ್ತಾರೆ, ಇಬ್ಬರ ಕಾಲು ಉಳುಕಿದೆ, ಮ್ಯಾನೇಜ್‌ಮೆಂಟಿನವರು "ಎರಡು ಟಿಪ್ಪರ್ ಬ್ಯಾಲಸ್ಟ್ ಹೊಡೆಸಿಬಿಡೋಣ" ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ಈ ಗುಂಪಿನಲ್ಲಿ ನನಗಿಂತ ಮೊದಲು ಉತ್ತರಿಸಿದ ಇಬ್ಬರು ಸ್ನೇಹಿತರೂ ಅದೇ ಸರಿ ಅಂದಿದ್ದಾರೆ. ನಾನು ರೈಲ್ವೆಯ ಪಿ-ವೇ (ಹಳಿ ನಿರ್ವಹಣೆ) ಕಡೆ ಕೆಲಸ ಮಾಡಿ ನಿವೃತ್ತನಾದವನು. ದಯವಿಟ್ಟು ಆ ಟಿಪ್ಪರ್ ನಿಲ್ಲಿಸಿ.

ಬ್ಯಾಲಸ್ಟ್, ಅಂದರೆ ಹಳಿ ಕೆಳಗೆ ಹಾಸುವ ದಪ್ಪ ಜಲ್ಲಿ, ಇರುವುದು ರೈಲಿನ ಭಾರ ಹೊರೋದಕ್ಕೆ, ಮನುಷ್ಯ ನಡೆಯೋದಕ್ಕಲ್ಲ. ನಮ್ಮ ಲೈನುಗಳಿಗೆ ಬರುವುದು 65 ಎಂಎಂನಿಂದ 20 ಎಂಎಂವರೆಗಿನ ಕಲ್ಲು. ಅದರಲ್ಲಿ ಅರ್ಧದಷ್ಟು 40 ಎಂಎಂಗಿಂತ ದಪ್ಪ. ಕಲ್ಲುಗಳ ಮಧ್ಯೆ ಸಂದು ಇರಬೇಕು, ನೀರು ಇಳಿಯಬೇಕು, ಸ್ಲೀಪರ್ (ಹಳಿಯ ಕೆಳಗಿನ ಅಡ್ಡದಿಮ್ಮಿ) ಅಲುಗದಂತೆ ಹಿಡಿಯಬೇಕು ಅಂತಲೇ ಆ ಸೈಜು. ಅದೇ ಸಂದಿನಲ್ಲಿ ಹಿಮ್ಮಡಿ ಸಿಕ್ಕಿಕೊಳ್ಳುತ್ತದೆ, ಪಾದ ಮಗುಚುತ್ತದೆ. ಕೈಯಲ್ಲಿ ಲ್ಯಾಂಪ್, ಕಣ್ಣು ವ್ಯಾಗನ್ ಮೇಲೆ, ಕಾಲ ಕೆಳಗೆ ಉರುಳುವ ಕಲ್ಲು. ಉಳುಕದೆ ಇನ್ನೇನಾಗುತ್ತದೆ ಹೇಳಿ? ಹೊಸದಾಗಿ ಸುರಿದ ಬ್ಯಾಲಸ್ಟ್ ಇನ್ನೂ ಜಾಸ್ತಿ ಉರುಳುತ್ತದೆ. ಈಗ ಇರುವ ಕೆಸರಿಗಿಂತ ಅದೇ ಕಷ್ಟವಾಗಬಹುದು.

ಅಮೆರಿಕದ ಯಾರ್ಡ್ ಫೋಟೊಗಳಲ್ಲಿ ಹಳಿ ಪಕ್ಕ ಜಲ್ಲಿ ಸಣ್ಣದಾಗಿ, ಸಪಾಟಾಗಿ ಕಾಣುತ್ತದೆ ಅಂತ ಇದೇ ಗುಂಪಿನಲ್ಲಿ ಹಿಂದೊಮ್ಮೆ ಚರ್ಚೆ ಆಗಿತ್ತು. ಕಾರಣ ಇದೇ. ಅಲ್ಲಿ ಯಾರ್ಡ್ ಲೈನುಗಳಿಗೆ ಮೇನ್ ಲೈನಿನ ಕಲ್ಲು ಬೇಡ, ಸುಮಾರು 25ರಿಂದ 10 ಎಂಎಂ ಸಾಕು ಅಂತ ಬೇರೆ ಗ್ರೇಡ್ ಇಟ್ಟಿದ್ದಾರೆ. ಯಾರ್ಡಿನಲ್ಲಿ ವೇಗ ಕಡಿಮೆ, ನಡೆಯುವವರು ಜಾಸ್ತಿ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಂತೂ ಹಳಿ ಪಕ್ಕದ ನಡೆದಾರಿಗೇ ಪ್ರತ್ಯೇಕ ಸರ್ಕಾರಿ ಆದೇಶ ಇದೆ, ಜನರಲ್ ಆರ್ಡರ್ 118. ದಾರಿಯ ಇಳಿಜಾರು ಸುಮಾರು 8 ಇಂಚಿಗೆ 1 ಇಂಚು ಮೀರಬಾರದು ಅನ್ನುತ್ತದೆ. ನಿಮ್ಮ ಸೈಡಿಂಗಿಗೆ ಅದು ಕಾನೂನಲ್ಲ, ಆದರೆ ಅಳತೆ ಒಳ್ಳೆಯದು. ಒಂದು ಹಲಗೆ, ಒಂದು ರಸಮಟ್ಟ ಇದ್ದರೆ ಐದು ನಿಮಿಷದಲ್ಲಿ ನೋಡಿಬಿಡಬಹುದು.

ನೀವು ಹಳಿ ಕೆಳಗಿನ ಕಲ್ಲು ಮುಟ್ಟಬೇಡಿ. ಬ್ಯಾಲಸ್ಟ್‌ನ ಭುಜ ಮುಗಿಯುವ ಕಡೆಯಿಂದ ಆಚೆಗೆ, ಅಂದರೆ ಸೆಸ್ ಮೇಲೆ ಮಾತ್ರ ದಾರಿ ಮಾಡಿ. ಮೊದಲು ಕೆಸರು ಕೆರೆದು ತೆಗೆಸಿ. ಕೆಸರಿನ ಮೇಲೇ ಜಲ್ಲಿ ಹಾಕಿದರೆ ಒಂದು ಮಳೆಗಾಲದಲ್ಲಿ ನುಂಗಿಬಿಡುತ್ತದೆ. ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು) ಹಾಸಿ, ಅದರ ಮೇಲೆ 20 ಎಂಎಂ, 12 ಎಂಎಂ ಮತ್ತು ಕ್ರಷರ್ ಪುಡಿ ಸೇರಿಸಿದ ಮಿಕ್ಸ್ ಅರ್ಧ ಅಡಿ ಹಾಕಿಸಿ, ನೀರು ಹೊಡೆದು ಪ್ಲೇಟ್ ಕಂಪ್ಯಾಕ್ಟರ್ ಓಡಿಸಿ. ಬರೀ 20 ಎಂಎಂ ಜಲ್ಲಿ ಹಾಕಿದರೆ ಅದೂ ಉರುಳುತ್ತದೆ, ಪುಡಿ ಇದ್ದರೇ ಕಚ್ಚಿಕೊಳ್ಳುವುದು. ಚೂಪು ಮೂಲೆ ಇರುವ ಒಡೆದ ಕಲ್ಲೇ ಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಹೊಳೆಯ ಗುಂಡುಕಲ್ಲು ತರಿಸಬೇಡಿ. ಹಳಿಯಿಂದ ಹೊರಕ್ಕೆ 30ಕ್ಕೆ 1ರಷ್ಟು ಇಳಿಜಾರು ಕೊಡಿ. ಕಾಲಿಗೆ ಗೊತ್ತಾಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ.

ಈ ಪುಡಿ ಮಿಕ್ಸ್ ಬ್ಯಾಲಸ್ಟ್ ಒಳಗೆ ಹೋಗಬಾರದು, ಹೋದರೆ ಲೈನಿನ ನೀರು ಇಳಿಯುವುದು ನಿಂತು ಟ್ರ್ಯಾಕ್ ಕೂರುತ್ತದೆ. ಹಳಿ ಹಿಡಿಯುವ ಕ್ಲಿಪ್, ಹಳಿ ಜೋಡಿಸುವ ಫಿಶ್‌ಪ್ಲೇಟ್, ಕೇಬಲ್, ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ತಿರುಗಿಸುವ ರಾಡ್ ಯಾವುದೂ ಮುಚ್ಚಿಹೋಗಬಾರದು. ಸೈಡಿಂಗ್ ನಿಮ್ಮ ಫ್ಯಾಕ್ಟರಿಯದೇ ಇರಬಹುದು, ಆದರೂ ಲೈನಿನ ಹತ್ತಿರ ಅಗೆಯುವ ಮೊದಲು ರೈಲ್ವೆಯ ಇಂಜಿನಿಯರಿಂಗ್ ಮತ್ತು ಸಿಗ್ನಲ್ ಎರಡೂ ಕಡೆಯವರಿಗೆ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಜೆಸಿಬಿ ಒಂದು ಕೇಬಲ್ ಕಿತ್ತರೆ ಆ ದಿನ ಲೋಡಿಂಗ್ ಅಲ್ಲಿಗೇ ನಿಂತಿತು.

ಎಲ್ಲಿ ದಾರಿ ಮಾಡಬೇಕು ಅನ್ನೋದನ್ನು ಡ್ರಾಯಿಂಗ್ ನೋಡಿ ತೀರ್ಮಾನಿಸಬೇಡಿ. ರಾತ್ರಿ ಪಾಳಿಯ ಪಾಯಿಂಟ್ಸ್‌ಮನ್ ಜೊತೆ ಒಂದು ಪೂರ್ತಿ ಪ್ಲೇಸ್‌ಮೆಂಟ್ (ವ್ಯಾಗನ್‌ಗಳನ್ನು ತಂದು ಲೋಡಿಂಗ್ ಜಾಗದಲ್ಲಿ ನಿಲ್ಲಿಸುವ ಕೆಲಸ) ಮುಗಿಯುವವರೆಗೂ ನಡೆಯಿರಿ. 58 ಬಾಕ್ಸ್‌ಎನ್ (ಮೇಲ್ಭಾಗ ತೆರೆದ) ವ್ಯಾಗನ್‌ಗಳ ಒಂದು ಸಾಲು, ಅಂದರೆ ಒಂದು ರೇಕ್, ಒಂದೊಂದು ವ್ಯಾಗನ್ 10.7 ಮೀಟರ್, ಒಟ್ಟು 620 ಮೀಟರ್ ದಾಟುತ್ತದೆ. ಟ್ರೈನ್ ಎಕ್ಸಾಮಿನರ್ ಒಂದು ಬದಿ ನೋಡಿಕೊಂಡು ಹೋಗಿ ಇನ್ನೊಂದು ಬದಿ ವಾಪಸ್ ಬಂದರೆ ಒಂದೂಕಾಲು ಕಿಲೋಮೀಟರ್, ಅದೂ ತಲೆ ಬಗ್ಗಿಸಿ ಬ್ರೇಕ್ ಬ್ಲಾಕ್ ನೋಡುತ್ತಾ. ಅವರು ಎಲ್ಲಿ ಹೆಜ್ಜೆ ಇಡುತ್ತಾರೋ, ಎಲ್ಲಿ ಸುತ್ತಿ ಹೋಗುತ್ತಾರೋ ಅಲ್ಲೆಲ್ಲ ಸುಣ್ಣದ ಪುಡಿ ಹಾಕಿಕೊಂಡು ಬನ್ನಿ. ಬೆಳಿಗ್ಗೆ ನೋಡಿದರೆ ನಿಮ್ಮ ಪ್ಲಾನ್ ಅಲ್ಲೇ ಬಿದ್ದಿರುತ್ತದೆ.

ಎರಡು ಲೈನಿನ ಮಧ್ಯದ ಜಾಗ ಟೇಪ್ ಹಿಡಿದು ಅಳೆಯಿರಿ, ಇದನ್ನು ಮಾತ್ರ ಬಿಡಬೇಡಿ. ಟ್ರ್ಯಾಕ್ ಸೆಂಟರ್ (ಒಂದು ಲೈನಿನ ನಡುವಿನಿಂದ ಪಕ್ಕದ ಲೈನಿನ ನಡುವಿಗೆ ಇರುವ ದೂರ) 4.725 ಮೀಟರ್ ಇದೆ ಅಂದುಕೊಳ್ಳಿ. ಬ್ರಾಡ್‌ಗೇಜಿನಲ್ಲಿ ಗಾಡಿಯ ಅಗಲ 3.25 ಮೀಟರ್‌ವರೆಗೂ ಇರಬಹುದು. ಎರಡೂ ಲೈನಿನಲ್ಲಿ ರೇಕ್ ನಿಂತಾಗ ಮಧ್ಯೆ ಉಳಿಯುವುದು 1.475 ಮೀಟರ್. ಹಳೆಯ ಲೈನುಗಳಲ್ಲಿ ಸೆಂಟರ್ 4.265 ಇದ್ದರೆ ಒಂದು ಮೀಟರ್ ಚಿಲ್ಲರೆ, ಅಷ್ಟೇ. ಅದರಲ್ಲಿ ಒಂದು ಬಾಗಿಲು ಸರಿಯಾಗಿ ಮುಚ್ಚದೆ ಹೊರಗೆ ಚಾಚಿದ್ದರೆ ಮನುಷ್ಯನಿಗೆ ಜಾಗ ಎಲ್ಲಿದೆ? ಅಂಥ ಕಡೆ ನಡೆದಾರಿ ಅಂತ ಬಣ್ಣ ಬಳಿಯುವುದೇ ತಪ್ಪು. ಒಂದು ರೇಕ್ ಚಲಿಸುತ್ತಿದ್ದರೆ ಆ ಮಧ್ಯಕ್ಕೆ ಯಾರೂ ಹೋಗಕೂಡದು ಅಂತ ಬರವಣಿಗೆಯಲ್ಲಿ ಆದೇಶ ಮಾಡಿ, ಜನ ಹೊರಗಿನ ಸೆಸ್ ಮೇಲೇ ನಡೆಯುವಂತೆ ಆ ದಾರಿಯನ್ನು ಮೊದಲು ಚೆನ್ನಾಗಿ ಮಾಡಿಸಿ. ಒಳ್ಳೆ ದಾರಿ ಇದ್ದ ಕಡೆ ಕಾಲು ತಾನಾಗಿ ಹೋಗುತ್ತದೆ, ಬೋರ್ಡು ನೋಡಿ ಯಾರೂ ಹೋಗುವುದಿಲ್ಲ.

ಇನ್ನು ನಿಮ್ಮ ನಿಜವಾದ ಶತ್ರು, ಕೆಳಗೆ ಚೆಲ್ಲುವ ಅದಿರು. ಬಳ್ಳಾರಿ, ಹೊಸಪೇಟೆ ಕಡೆ ಸೈಡಿಂಗ್ ನೋಡಿದವರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ಕೆಂಪು ಧೂಳು, ಒಂದು ಹನಿ ಬಿದ್ದರೆ ಸಾಬೂನು ಹಚ್ಚಿದ ಹಾಗೆ. ನೀವು ಎಷ್ಟೇ ಒಳ್ಳೆ ದಾರಿ ಮಾಡಿಸಿ, ಎರಡು ರೇಕ್ ಲೋಡ್ ಆಗುವಷ್ಟರಲ್ಲಿ ಅದು ಅದಿರಿನ ಅಡಿಯಲ್ಲಿರುತ್ತದೆ. ಆದ್ದರಿಂದ ಲೋಡಿಂಗ್ ಕಾಂಟ್ರಾಕ್ಟಿನಲ್ಲೇ ಸೇರಿಸಿ: ರೇಕ್ ಹೊರಟ ಮೇಲೆ ಚೆಲ್ಲಿದ್ದನ್ನು ಕೈಯಿಂದ ತೆಗೆದು ದಾರಿ ತೋರಿಸಿದ ಮೇಲೇ ಆ ರೇಕಿನ ಬಿಲ್ಲು. "ಕೈಯಿಂದ" ಅಂತ ಬೇಕಂತಲೇ ಬರೆದೆ. ವ್ಹೀಲ್ ಲೋಡರ್‌ಗೆ ಬಿಟ್ಟರೆ ಅದಿರಿನ ಜೊತೆ ನಿಮ್ಮ ಜಲ್ಲಿಯನ್ನೂ ಕೆರೆದುಕೊಂಡು ಹೋಗಿ ಗಾಲಿಯ ಗುಂಡಿ ಬಿಟ್ಟು ಹೋಗುತ್ತದೆ. ಲೋಡರ್ ಓಡಾಡುವ ಬದಿ ಬೇರೆ, ಜನ ನಡೆಯುವ ಬದಿ ಬೇರೆ ಮಾಡಲು ಸಾಧ್ಯವಾದರೆ ಅರ್ಧ ತಲೆನೋವು ಹೋಯಿತು.

ಚರಂಡಿಗಳನ್ನು ಮೇ ತಿಂಗಳಲ್ಲೇ ಬಿಡಿಸಿ. ಚರಂಡಿ ಎಲ್ಲಿ ಶುರುವಾಗುತ್ತದೆ ಅನ್ನುವುದಕ್ಕಿಂತ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ನೋಡಿ. ದಾರಿಯನ್ನು ಅಡ್ಡ ಹಾಯುವ ಕಡೆ ಚಪ್ಪಡಿ ಮುಚ್ಚಿರಬೇಕು, ಅಲುಗಬಾರದು. ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ ಬೆಳೆಯಲು ಬಿಡಬೇಡಿ. ಮುಳ್ಳು, ಹಾವು ಒಂದು ಕಡೆ, ಗಿಡದ ಮರೆಯಲ್ಲಿ ಬಿದ್ದ ಹಳೆ ಸ್ಲೀಪರ್ ತುಂಡು, ಬ್ರೇಕ್ ಬ್ಲಾಕ್ ಇನ್ನೊಂದು ಕಡೆ.

ಕಾಂಕ್ರೀಟ್ ಹಾಕಿಸಿದರೆ ಹೇಗೆ ಅಂತ ಕೇಳಿದ್ದೀರಿ. ಉದ್ದಕ್ಕೂ ಬೇಡ. ಪಾಯಿಂಟ್ ಲಿವರ್ ಎಳೆಯುವ ಜಾಗ, ವ್ಯಾಗನ್‌ಗಳ ಬ್ರೇಕಿನ ಹೋಸ್ ಪೈಪ್ ಜೋಡಿಸಲು ನಿಲ್ಲುವ ಜಾಗ, ಲೈನ್ ದಾಟುವ ಜಾಗ, ಇಷ್ಟಕ್ಕೆ ಸಾಕು. ಅಲ್ಲೂ ಎತ್ತಿ ಇಡಬಹುದಾದ ಪ್ರಿಕಾಸ್ಟ್ (ಮೊದಲೇ ಎರಕ ಹೊಯ್ದು ತಂದ) ಸ್ಲ್ಯಾಬ್ ಹಾಕಿ, ಮೇಲ್ಮೈ ಒರಟಾಗಿರಲಿ. ಅಲ್ಲೇ ಎರಕ ಹೊಯ್ದರೆ ನಾಳೆ ಟ್ರ್ಯಾಕ್ ರಿಪೇರಿಗೆ ಒಡೆಯಬೇಕಾಗುತ್ತದೆ, ಒಡೆದ ಮೇಲೆ ಯಾರೂ ವಾಪಸ್ ಹಾಕುವುದಿಲ್ಲ.

ಲೈಟಿನ ಬಗ್ಗೆ ಒಂದು ಮಾತು. ನಿಮ್ಮ ಫೋಟೊದಲ್ಲಿ ಒಂದೇ ಮೂಲೆಯಲ್ಲಿ ಹೈಮಾಸ್ಟ್ (ಎತ್ತರದ ಕಂಬದ ದೀಪ) ಇದೆ. ಖಾಲಿ ಯಾರ್ಡಿನಲ್ಲಿ ಹಗಲಿನಂತೆ ಬೆಳಕು, ರೇಕ್ ಬಂದ ಕೂಡಲೇ ಅದರ ಆಚೆ ಬದಿ ಕತ್ತಲು. ಜನ ನಡೆಯುವುದೇ ಆ ಕತ್ತಲಲ್ಲಿ. ಹೊರಗಿನ ಸೆಸ್ ಉದ್ದಕ್ಕೂ ಗಿಡ್ಡ ಕಂಬದ ದೀಪಗಳನ್ನು ಹಾಕಿಸಿ. ಎಲ್ಲ ಒಂದೇ ಸಲ ಆಗದಿದ್ದರೆ ಪಾಯಿಂಟುಗಳ ಹತ್ತಿರ ಮೊದಲು. ದೀಪ ಲೋಕೋ ಪೈಲಟ್‌ನ ಕಣ್ಣಿಗೆ ಹೊಡೆಯದಂತೆ, ಸಿಗ್ನಲ್ ಅಂತ ಮೋಸ ಹೋಗದಂತೆ ಕೆಳಕ್ಕೆ ಬಾಗಿರಬೇಕು.

ಶೂ ಬಗ್ಗೆ ಮೇಲೆ ಒಬ್ಬರು ಹೇಳಿರುವುದು ಸರಿ, ಹರಡು ಮುಚ್ಚುವ ಬೂಟು ಕೊಡಿಸಿ. ಆದರೆ ಬೂಟು ಕೊಟ್ಟೆವು, ಇನ್ನು ದಾರಿ ಬೇಡ ಅಂತ ಮ್ಯಾನೇಜ್‌ಮೆಂಟಿನವರು ಅಂದರೆ ಒಪ್ಪಬೇಡಿ. ಓಡಾಡುವ ಜಾಗ ಜಾರದಂತೆ, ಅಡೆತಡೆ ಇಲ್ಲದಂತೆ ಇರಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯ 32ನೇ ಸೆಕ್ಷನ್ನಿನಲ್ಲೇ ಬರೆದಿಟ್ಟಿದ್ದರು. ಇದೇನು ಹೊಸ ಬೇಡಿಕೆಯಲ್ಲ.

ಈ ಸಲದ ಬಜೆಟ್ ಎರಡು ಟಿಪ್ಪರ್‌ನಷ್ಟೇ ಅಂದರೆ ನಾಲ್ಕೂ ಲೈನಿಗೆ ತೆಳ್ಳಗೆ ಹರಡಬೇಡಿ. ಪಾಯಿಂಟುಗಳ ಸುತ್ತ ಮತ್ತು ಹೊರಗಿನ ಒಂದು ಬದಿ ಪೂರ್ತಿ ಮಾಡಿಸಿ, ಮಿಕ್ಕಿದ್ದು ಮುಂದಿನ ವರ್ಷಕ್ಕೆ. ಟ್ರ್ಯಾಕ್ ಸೆಂಟರ್ ಅಳತೆ ಮತ್ತು ಚರಂಡಿ ಕೊನೆಯ ಫೋಟೊ ಇಲ್ಲಿ ಹಾಕಿ, ಎಷ್ಟು ಕ್ಯೂಬಿಕ್ ಮೀಟರ್ ಮಿಕ್ಸ್ ಬೇಕು ಅಂತ ಲೆಕ್ಕ ಹಾಕಿಕೊಡುತ್ತೇನೆ.