ಮಾತ್ರೆ ಬಿಟ್ಟಿದ್ದು ಯಾವಾಗ ಅಂದಿರಿ?

ರಾತ್ರಿ ಎರಡು ಗಂಟೆಗೆ ಬಾತ್‌ರೂಮಿನಲ್ಲಿ ಕೂತು ಸೀರೆ ಆರ್ಡರ್ ಮಾಡುತ್ತೇನೆ ಎಂದು ದಾವಣಗೆರೆಯಿಂದ ಒಬ್ಬ ಓದುಗರು ಬರೆದಿದ್ದಾರೆ. ಪತ್ರ ಓದಿದ ಮೇಲೆ ನನಗೂ ನಿದ್ದೆ ಹತ್ತಲಿಲ್ಲ.

ಅವರಿಗೆ 34 ವರ್ಷ, ಶಿಕ್ಷಕಿ. ಎರಡು ವರ್ಷದ ಹಿಂದೆ ಆತಂಕದ ಕಾಯಿಲೆಗೆ ಚಿಕಿತ್ಸೆ ಶುರುವಾಗಿತ್ತು. ಈಚೆಗೆ ಫೋನಿನಲ್ಲಿ ಕೊಳ್ಳುವ ಚಟ. ಕ್ರೆಡಿಟ್ ಕಾರ್ಡ್ ಸಾಲ 1,40,000 ರೂಪಾಯಿ. ಗಂಡ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇವರು ಮಗಳ ಟ್ಯಾಬ್ ಹಿಡಿದರು. ‘ನಾನು ಆಸೆಬುರುಕಿ ಆಗಿಬಿಟ್ಟೆನಾ ಮೇಡಂ?’ ಎಂಬುದು ಪ್ರಶ್ನೆ.

ಅಲ್ಲಮ್ಮಾ. ಆಸೆಬುರುಕರು ಪಾರ್ಸೆಲ್ ಬಂದ ಕೂಡಲೇ ಬಿಚ್ಚುತ್ತಾರೆ. ನಿಮ್ಮವು 11 ಪಾರ್ಸೆಲ್ ಬಿಚ್ಚದೆ ಅಟ್ಟದ ಮೇಲಿವೆ. ನಿಮಗೆ ಬೇಕಿದ್ದದ್ದು ಸೀರೆಯಲ್ಲ, ಆರ್ಡರ್ ಒತ್ತಿದ ಮೇಲಿನ ಹತ್ತು ನಿಮಿಷದ ನೆಮ್ಮದಿ. ಎದೆ ಡವಡವ ಅನ್ನುವಾಗ ಏನು ಮಾಡಿದರೆ ಅದು ಇಳಿಯುತ್ತದೋ, ಮೆದುಳು ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ. ಆಮೇಲೆ ಬಿಲ್ ಬರುತ್ತದೆ, ಎದೆ ಮತ್ತೆ ಡವಡವ. ಜೂಜು, ಗೇಮಿಂಗ್ ಬಿಡಲಾಗದ ಆತಂಕದವರಲ್ಲೂ ಈ ಸುತ್ತು ಕಾಣುತ್ತದೆ. ಆ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ ಚಟದ ಕಾಯಿಲೆ ಎಂದೇ ಪಟ್ಟಿ ಮಾಡಿದೆ, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಶಾಪಿಂಗ್‌ಗೆ ಆ ಸಾಲಿನಲ್ಲಿ ಜಾಗ ಸಿಕ್ಕಿಲ್ಲ. ಹಾಗಂತ ನಿಮ್ಮ ಸಂಕಟ ಸುಳ್ಳಾಗುವುದಿಲ್ಲ.

ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಮೂರನೇ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ‘ಸಂಕ್ರಾಂತಿ ಹೊತ್ತಿಗೆ ಎಸ್ಸಿಟಾಲೋಪ್ರಾಮ್ ಬಿಟ್ಟೆ, ತಲೆ ಮಾತ್ರೆ ಚಟ ಆಗುತ್ತೆ ಅಂದಳು ನಮ್ಮ ವಾರಗಿತ್ತಿ.’ ಆತಂಕಕ್ಕೆ ಕೊಡುವ ಮಾತ್ರೆ ಅದು. ಶಾಪಿಂಗ್ ಶುರುವಾದದ್ದು ಶಿವರಾತ್ರಿ ಆದಮೇಲೆ ಅಂತ ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ. ಎರಡಕ್ಕೂ ನಂಟಿದೆಯೋ ಇಲ್ಲವೋ ಡಾಕ್ಟರು ಹೇಳಲಿ. ನನಗಂತೂ ನಂಟಿದೆ ಅಂತಲೇ ಅನುಮಾನ.

ವಾರಗಿತ್ತಿಯ ಮೇಲೆ ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಬಿಪಿ ಮಾತ್ರೆ ಬಿಡು ಅಂತ ಯಾರಾದರೂ ಹೇಳುತ್ತಾರಾ? ನಿದ್ದೆಗೆ, ದಿಗಿಲಿಗೆ ಕೊಡುವ ಕೆಲವು ಮಾತ್ರೆಗಳು ಅಭ್ಯಾಸವಾಗುವುದು ನಿಜ, ಅದಕ್ಕೇ ಅವನ್ನು ಅಳೆದು, ಸ್ವಲ್ಪ ದಿನಕ್ಕೆ ಬರೆಯುತ್ತಾರೆ. ಎಸ್ಸಿಟಾಲೋಪ್ರಾಮ್ ಆ ಜಾತಿಯದಲ್ಲ. ಇನ್ನಷ್ಟು ಬೇಕು ಅನ್ನಿಸುವ ಮಾತ್ರೆಯಲ್ಲ ಅದು. ಆದರೆ ಒಮ್ಮೆಗೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು ಬರಬಹುದು, ಹಳೆಯ ಆತಂಕವೂ ಮರಳಬಹುದು. ಬರೆದವರೇ ಮೆಲ್ಲಗೆ ಇಳಿಸಿ ಬಿಡಿಸಬೇಕು. ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಬರೆದಿದ್ದೇನೋ, ಓದುಗರಿಗೆ ಬೇಜಾರಾಗಿರಬೇಕು.

ನಿಮ್ಮ ಯಜಮಾನರು ಒಳ್ಳೆಯವರೇ. ಬೀಗ ಹಾಕಿದ್ದು ಮಾತ್ರ ಸುಮ್ನೆ ದಂಡ.

ಬಜೆಟ್ ಪುಸ್ತಕ, ಆ್ಯಪ್ ಅಳಿಸುವುದು, ಧ್ಯಾನ, ಯಾವುದನ್ನೂ ಈಗ ಹೇಳುವುದಿಲ್ಲ. ಒಂದೇ ಕೆಲಸ ಮಾಡಿ: ಇದೇ ವಾರ ಅದೇ ಡಾಕ್ಟರ ಹತ್ತಿರ ಹೋಗಿ. ಉಳಿದ ಮಾತ್ರೆಯನ್ನು ನೀವಾಗಿಯೇ ಮತ್ತೆ ಶುರು ಮಾಡಬೇಡಿ. ನಿಲ್ಲಿಸಿದ ದಿನ ಹೇಳಿ, ರಾತ್ರಿಯ ಆರ್ಡರ್ ಪಟ್ಟಿ ತೋರಿಸಿ. ಅಷ್ಟರೊಳಗೆ ಯಾವ ರಾತ್ರಿಯಾದರೂ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಡಾಕ್ಟರ ಹತ್ತಿರ ಯಜಮಾನರೂ ಜೊತೆಗೆ ಬರಲಿ. ವಾರಗಿತ್ತಿ ಮನೆಯಲ್ಲೇ ಇರಲಿ.