ಮೇಲಿಂದ ನನ್ನನ್ನೇ ನೋಡಿದೆ ಅಂದಿರಲ್ಲ, ಅದಕ್ಕೆ

ಬೆಳಗಿನ ಜಾವ ಕೈಕಾಲು ಆಡದೆ, ಚಾವಣಿ ಹತ್ತಿರ ತೇಲಿ, ಮಂಚದಲ್ಲಿದ್ದ ನಿಮ್ಮನ್ನೇ ನೋಡಿದಿರಿ. ಜೀವಕ್ಕೆ ಅಪಾಯವಾ ಅಂತ ಕೇಳಿದ್ದೀರಿ. ಇಲ್ಲ, ಹೆದರಬೇಡಿ. ನನಗೂ ಎರಡು ಸಲ ಆಗಿದೆ. ಫ್ಯಾನಿನ ರೆಕ್ಕೆ ಮೇಲಿನ ಧೂಳೂ ಕಂಡಿತ್ತು. ಎದ್ದು ಸ್ಟೂಲ್ ಹತ್ತಿ ನೋಡಿದರೆ ರೆಕ್ಕೆ ಸ್ವಚ್ಛವಾಗಿತ್ತು!

ಕನಸಿನ ನಿದ್ದೆಯಲ್ಲಿ ಮಿದುಳು ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಆಗ ಅರ್ಧ ಎಚ್ಚರವಾದರೆ ಮೈ ಕದಲುವುದಿಲ್ಲ, ಕನಸು ಮಾತ್ರ ಮುಂದುವರಿಯುತ್ತದೆ. ಮೇಲಿಂದ ನೋಡಿದಂತೆ ಅನಿಸುವುದೂ ಮಿದುಳಿನದೇ ಆಟ. 2002ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನರವೈದ್ಯ ಓಲಾಫ್ ಬ್ಲಾಂಕೆ ತಂಡ ಮೂರ್ಛೆರೋಗವಿದ್ದ ಮಹಿಳೆಯ ಮಿದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಹರಿಸಿತು. ಪೂರ್ತಿ ಎಚ್ಚರವಿದ್ದ ಅವರಿಗೂ ಮೇಲಿಂದ ತಮ್ಮ ಕಾಲುಗಳೇ ಕಂಡವು. ಎಂಥ ಸೋಜಿಗ ಅಲ್ವಾ?

ಮತ್ತೆ ಆದರೆ ಒಂದು ಬೆರಳು ಆಡಿಸಲು ನೋಡಿ. ಅಂಗಾತ ಮಲಗಬೇಡಿ, ನಿದ್ದೆಗೆಡಬೇಡಿ. ಹಗಲಲ್ಲೂ ತಡೆಯಲಾಗದಷ್ಟು ನಿದ್ದೆ ಬರುತ್ತಿದ್ದರೆ ವೈದ್ಯರಿಗೆ ತೋರಿಸಿ.